ಹಾಡಿಗೆ ಇಳಿದ ದುಃಖ

(ದಾವಣಗೆರೆಯಲ್ಲಿ ಗಿರಣಿ ಕೆಲಸಗಾರರ ಮುಂದೆ ಮಾಡಿದ ಭಾಷಣ)



ಈ ಹೊತ್ತು ಕೂಲಿ ಬೋನಸ್ಸುಗಳ ಮಾತನ್ನು ಬದಿಗಿಡೋಣ. ಮಗು ಸತ್ತ ಮನೆಯಲ್ಲಿ ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತಿರುತ್ತಾರಲ್ಲ, ಆ ಹೊತ್ತಿನ ಮಾತು ನನ್ನದು. ನಮ್ಮ ಕೇರಿಗಳಿಗೆ ಅದು ಹೊಸದಲ್ಲ.

ಧಾರವಾಡದ ದ. ರಾ. ಬೇಂದ್ರೆಯವರನ್ನು ನೀವು ಬಲ್ಲಿರಿ. 1896ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು. 1973ರಲ್ಲಿ ಜ್ಞಾನಪೀಠ ಬಂತು, ವರಕವಿ ಎಂದು ನಾಡು ಕೊಂಡಾಡಿತು. ಆದರೆ ಈ ವರಕವಿ 1932ರಲ್ಲಿ ‘ನರಬಲಿ’ ಎಂಬ ಪದ್ಯಕ್ಕಾಗಿ ಸೆರೆಮನೆ ಕಂಡವರು. ಹೊರಗೆ ಬಂದರೆ ಉದ್ಯೋಗವಿಲ್ಲ; ವರ್ಷಗಟ್ಟಲೆ ಅಲೆದಾಟ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದದ್ದು ಮೂರು. ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ: ಆರು ಸಲ ಮಣ್ಣು ಹಾಕಿದ ಕೈ ಅದು.

‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಹಾಡು ಅಂಥ ಒಂದು ಸಾವಿನಿಂದ ಹುಟ್ಟಿತು. ಎಷ್ಟೋ ಜನ ಅದನ್ನು ಪ್ರಣಯಗೀತೆಯೆಂದು ತಿಳಿದು ಗುನುಗುತ್ತಾರೆ! ಅಲ್ಲಿ ಗಂಡನಿಗೆ ಹೆಂಡತಿಯ ನೋಟ ತಾಳಲಾಗದು. ಅವಳು ಅಳು ನುಂಗಿ ನಗಲು ನೋಡುತ್ತಾಳೆ. ಆ ನಗು ಅಳುವಿಗಿಂತ ಘೋರ. ಅತ್ತುಬಿಡಬಾರದೇ ಎಂದು ಅವನು ಬೇಡುತ್ತಾನೆ. ಗಂಡಸು ತನ್ನ ದಿಗಿಲನ್ನು ಮುಚ್ಚಿಡದೆ ಮನೆಮಾತಿನಲ್ಲೇ ಹೇಳಿದ್ದಾನೆ. ನನಗೆ ಅದೇ ದೊಡ್ಡದು. 1937ರ ‘ಸಖೀಗೀತ’ದಲ್ಲಿಯೂ ತಮ್ಮ ಸಂಸಾರದ ಸುಖದುಃಖವನ್ನು ಹೆಂಡತಿಯ ಮುಂದೆ ಬಿಚ್ಚಿಟ್ಟರು. ಸಭೆಗಳಲ್ಲಿ ತಾವೇ ರಾಗವಾಗಿ ಹಾಡಿ ಹೇಳುತ್ತಿದ್ದರು.

ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಅಚ್ಚು ಹಾಕಿಸಿದ ‘ಗರತಿಯ ಹಾಡು’ ನೋಡಿ: ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸು ಅಲ್ಲಿ ಏನನ್ನು ತಾನೇ ಹಾಡಿಲ್ಲ? ಹಿಟ್ಟಿನ ಗಿರಣಿ ಬಂತು, ರಟ್ಟೆ ನೋವು ತಪ್ಪಿತು, ಬಹಳ ಒಳ್ಳೆಯದಾಯಿತು. ಜೊತೆಗೆ ಆ ಹಾಡೂ ಹೋಯಿತು. ಗಂಡಸರಿಗೆ ಭಜನೆಯಿತ್ತು, ತತ್ತ್ವಪದವಿತ್ತು. ಹತ್ತಿಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟು ಮಂದಿಗೆ ಹೆಂಡದಂಗಡಿಯೊಂದೇ ಉಳಿಯಿತೆಂಬುದು ನಿಮಗೇ ಗೊತ್ತು.

ಹಾಗೆಂದು ಹಾಡೇ ಔಷಧವೆಂದು ನಾನು ಹೇಳಲಾರೆ. ತಿಂಗಳುಗಟ್ಟಲೆ ನಿದ್ದೆಯಿಲ್ಲ, ಅನ್ನ ಸೇರದು, ಬದುಕು ಸಾಕೆನಿಸುತ್ತದೆ ಎಂದಾದರೆ ಅದು ಹುಚ್ಚೂ ಅಲ್ಲ, ದೆವ್ವವೂ ಅಲ್ಲ. ವೈದ್ಯರು ನೋಡಬೇಕಾದ ಕಾಯಿಲೆ. ಪಕ್ಕದ ಬಳ್ಳಾರಿಯಲ್ಲೇ 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಹಳ್ಳಿಯ ಆಸ್ಪತ್ರೆಗಳ ವೈದ್ಯರಿಗೆ ಈ ಚಿಕಿತ್ಸೆ ಕಲಿಸಿ ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಟಿತು. ಬಡವರ ಜಿಲ್ಲೆಯೊಂದು ದೇಶಕ್ಕೆ ದಾರಿ ತೋರಿಸಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಹರಿಹರದಿಂದ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಬಂದುಹೋಗುವುದೆಂದರೆ ಅರ್ಧ ದಿನದ ಕೂಲಿ ಕಳೆದಂತೆ, ಬಲ್ಲೆ. ಅಂಥವರು ಮೊದಲು 14416ಕ್ಕೆ ಫೋನು ಮಾಡಿ. 2022ರಲ್ಲಿ ಸರ್ಕಾರ ತೆರೆದ ಸಹಾಯವಾಣಿ ಅದು. ಹಗಲುರಾತ್ರಿ ಇರುತ್ತದೆ, ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು. ಹೊರಡುವಾಗ ನಂಬರನ್ನು ಬರೆದುಕೊಂಡು ಹೋಗಿ. ಮಂಡಕ್ಕಿ ಭಟ್ಟಿಯವರು ಅಂಗಡಿಯ ಗೋಡೆಗೂ ಒಂದು ಚೀಟಿ ಅಂಟಿಸಿರಿ.