ಒಂದು ಪೆಟ್ಟಿಗೆ, ಎರಡು ಗಿಟಾರು

ಕೊಳ್ಳೇಗಾಲದ ಸೀಮೆಯಲ್ಲಿ ತಂತಿವಾದ್ಯವೆಂದರೆ ಮೊದಲು ನೆನಪಿಗೆ ಬರುವುದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ. ಈಗ ನಮ್ಮ ಮುಳ್ಳೂರಿನಂಥ ಊರುಗಳ ಮಕ್ಕಳ ಕೈಗೂ ಗಿಟಾರು ಬಂದಿದೆ. ಕೆಲವು ಮನೆಗಳಲ್ಲಿ ಎರಡು ಬಗೆಯೂ ಉಂಟು: ಪೊಳ್ಳು ಮೈಯ ಸಾದಾ ಗಿಟಾರು ಒಂದು, ವಿದ್ಯುತ್ ಗಿಟಾರು ಇನ್ನೊಂದು. ಎರಡಕ್ಕೂ ಒಂದೇ ಸಣ್ಣ ವಾಲ್ವ್ ಆಂಪ್ಲಿಫೈಯರು ಸಾಕಾದೀತೆ ಎಂದು ತಂದೆತಾಯಿಗಳು ಕೇಳುತ್ತಾರೆ. ಕನ್ನಡ ಪಂಡಿತನನ್ನು ಕೇಳುವ ಪ್ರಶ್ನೆಯೆ ಇದು ಎನ್ನಬೇಡಿ. ಹಳ್ಳಿಗಾಡಿನ ಶಾಲೆಯಲ್ಲಿ ಮೇಷ್ಟರನ್ನು ಕೇಳಬಾರದ ಪ್ರಶ್ನೆ ಯಾವುದೂ ಇಲ್ಲ. ಒಂದು ಬೆಳೆ ರೇಷ್ಮೆಗೂಡು ಮಾರಿ ಬಂದ ಹಣವನ್ನು ಮಗನ ಆಸೆಗಾಗಿ ತೆಗೆಯುವಾಗ ಕೇಳದೆ ಇರುವುದಾದರೂ ಹೇಗೆ?

ಹಳೆಯ ರೇಡಿಯೋ ಇದ್ದ ಮನೆಯವರಿಗೆ ವಾಲ್ವಿನ ಪರಿಚಯ ಹೇಳಬೇಕಾಗಿಲ್ಲ. ಗುಂಡಿ ತಿರುಗಿಸಿ, ಗಾಜಿನ ಬುರುಡೆಯೊಳಗಿನ ತಂತಿ ಕೆಂಪಗೆ ಕಾಯುವ ತನಕ ಕಾದರೆ ಮಾತು ಹೊರಡುತ್ತಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಇಂಥ ವಾಲ್ವುಗಳ ತಯಾರಿಕೆಗೆ ತೊಡಗಿತು. ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೋ ವಾಲ್ವನ್ನು ಬಿಟ್ಟಿತು, ಗಿಟಾರು ಬಿಡಲಿಲ್ಲ. ಇಂದಿಗೂ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಹೊಸ ವಾಲ್ವುಗಳು ಬರುತ್ತಿವೆ.

ಬಿಡದಿರುವುದಕ್ಕೆ ಕಾರಣ ವಾಲ್ವಿನ ಗುಣವಲ್ಲ, ಅದರ ದೋಷ. ಶಕ್ತಿಗೆ ಮೀರಿದ ಹೊರೆ ಹೊರಿಸಿದಾಗ ವಾಲ್ವು ಧ್ವನಿಯನ್ನು ಥಟ್ಟನೆ ಕತ್ತರಿಸುವುದಿಲ್ಲ, ಮೆಲ್ಲಗೆ ಬಾಗಿಸುತ್ತದೆ. ಆ ಬಾಗಿನಲ್ಲಿ ಮೂಲದಲ್ಲಿಲ್ಲದ ಹೊಸ ಸ್ವರಾಂಶಗಳು ಹುಟ್ಟಿ ನಾದ ದಪ್ಪವಾಗುತ್ತದೆ. ವಿದ್ಯುತ್ ಗಿಟಾರಿನ ಅರ್ಧ ಸೊಗಸು ಅಲ್ಲಿಯೇ ಇರುವುದು. ಸಾದಾ ಗಿಟಾರಿಗಾದರೋ ಅದೇ ಬಾಗು ಕೇಡು. ಮರದ ಮೈಯಲ್ಲಿ ಹುಟ್ಟಿದ ಧ್ವನಿ ಇದ್ದಂತೆಯೇ ಹಿರಿದಾಗಿ ಕೇಳಬೇಕು. ದಂಡಿ ಸ್ವಭಾವೋಕ್ತಿಯನ್ನು ಅಲಂಕಾರಗಳ ಮೊದಲ ಸಾಲಿನಲ್ಲಿಟ್ಟ. ಕುಂತಕ ಅದು ಅಲಂಕಾರವೇ ಅಲ್ಲವೆಂದು ತಳ್ಳಿ, ವಕ್ರೋಕ್ತಿಯೇ ಕಾವ್ಯದ ಜೀವಿತವೆಂದ. ಸಾದಾ ಗಿಟಾರು ದಂಡಿಯ ಪಕ್ಷ, ವಿದ್ಯುತ್ ಗಿಟಾರು ಕುಂತಕನ ಪಕ್ಷ. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಬೇಕಾಗಿದೆ!

ಕೂರಿಸಬಹುದು, ಆದರೆ ಬಾಗುವ ಮೊದಲು ಸಾಕಷ್ಟು ದೂರ ನೆಟ್ಟಗೆ ನಡೆಯಬಲ್ಲ ಪೆಟ್ಟಿಗೆ ಬೇಕು. ಹಿಂದಿನ ಅನೇಕ ರೇಡಿಯೋಗಳಲ್ಲಿದ್ದ ಇಎಲ್ 84 ಎಂಬ ವಾಲ್ವು ಒಂದೇ ಇದ್ದರೆ ಸುಮಾರು 5 ವಾಟ್, ಜೋಡಿಯಾದರೆ 15 ವಾಟಿನವರೆಗೆ ಸಿಕ್ಕುತ್ತದೆ. ಇಂಗ್ಲೆಂಡಿನ ಹೆಸರಾಂತ ವಾಕ್ಸ್ ಎಸಿ 15 ಇಂಥ ಜೋಡಿಯದೇ. 5 ವಾಟಿನದು ಮನೆಯ ಕೋಣೆಯಲ್ಲಿ ವಿದ್ಯುತ್ ಗಿಟಾರಿಗೆ ಬೇಕಾದಷ್ಟಾಯಿತು. ಸಾದಾ ಗಿಟಾರನ್ನು ತುಸು ಬಲವಾಗಿ ಮೀಟಿದರೆ ಮಾತ್ರ ಧ್ವನಿ ಒಡೆಯುತ್ತದೆ. ಎರಡೂ ನಡೆಯಬೇಕೆಂದರೆ 12ರಿಂದ 15 ವಾಟಿನದನ್ನು ಆರಿಸಿ. ವಾಟು ಮೂರು ಪಟ್ಟಾದರೆ ಗದ್ದಲವೂ ಮೂರು ಪಟ್ಟಾದೀತೆಂದು ಮನೆಯವರು ಹೆದರಬೇಕಾಗಿಲ್ಲ. ಕಿವಿಗೆ ಸದ್ದು ಎರಡರಷ್ಟಾಗಿ ಕೇಳಲು ವಾಟು ಸುಮಾರು ಹತ್ತರಷ್ಟಾಗಬೇಕು.

ಇನ್ನು ಪಿಕಪ್ಪಿನ ವಿಚಾರ. ವಿದ್ಯುತ್ ಗಿಟಾರಿನದು ಅಯಸ್ಕಾಂತದ ಪಿಕಪ್. ಉಕ್ಕಿನ ತಂತಿಯ ಅಲುಗಾಟವನ್ನು ಹಿಡಿಯುತ್ತದೆ, ನೈಲಾನ್ ತಂತಿಯನ್ನು ಅದು ಅರಿಯದು. ಸಾದಾ ಗಿಟಾರಿನಲ್ಲಿ ಸಾಮಾನ್ಯವಾಗಿ ತಂತಿಯೊರಗುವ ಕುದುರೆಯ ಕೆಳಗೆ ಪೀಜೊ ಎಂಬ ಹರಳಿನ ಪಿಕಪ್ ಇರುತ್ತದೆ. ಅದನ್ನು ಸೇರಿಸುವ ಒಳದಾರಿಯ ತಡೆ ಕಡಮೆಯಾದರೆ ಮಂದ್ರವೆಲ್ಲ ಸೋರಿ ಧ್ವನಿ ತಗಡಿನಂತಾಗುತ್ತದೆ. ವಾಲ್ವ್ ಆಂಪ್ಲಿಫೈಯರುಗಳಲ್ಲಿ ಈ ತಡೆ ಬಹುಮಟ್ಟಿಗೆ 10 ಲಕ್ಷ ಓಮ್ ಇರುವುದರಿಂದ ಹೇಗೋ ನಡೆಯುತ್ತದೆ; ಗಿಟಾರಿನೊಳಗೇ ಬ್ಯಾಟರಿಯ ಸಣ್ಣ ಪ್ರೀಆಂಪ್ ಇದ್ದರೆ ಚಿಂತೆಯೇ ಇಲ್ಲ. ಸ್ಪೀಕರಿನ ಮಿತಿಯನ್ನು ಮಾತ್ರ ಮೀರಲಾಗದು. ಗಿಟಾರ್ ಆಂಪ್ಲಿಫೈಯರಿನ ಸ್ಪೀಕರು ಸೆಕೆಂಡಿಗೆ ಸುಮಾರು 5000 ಕಂಪನಗಳ ಮೇಲೆ ಬೇಗ ಬತ್ತುತ್ತದೆ. ಬೆರಳು ತಂತಿಗೆ ತಗಲುವ ಮಿಂಚು ಅದರ ಮೇಲೆಯೇ ಇರುವುದು. ಆದಕಾರಣ ಮಗ ಹೆಚ್ಚಾಗಿ ನುಡಿಸುವುದು ಸಾದಾ ಗಿಟಾರಾದರೆ ವಾಲ್ವಿನ ಮೋಹ ಬಿಟ್ಟು, ಸಾದಾ ಗಿಟಾರಿಗೆಂದೇ ಮಾಡಿದ ಟ್ರಾನ್ಸಿಸ್ಟರ್ ಪೆಟ್ಟಿಗೆ ಕೊಳ್ಳುವುದೇ ಸರಿ. ವಾಲ್ವಿನ ಅಭಿಮಾನಿಗಳು ಮುನಿದರೆ ಮುನಿಯಲಿ.

ಪೊಳ್ಳು ಮೈಯ ಗಿಟಾರು ಸ್ಪೀಕರಿಗೆ ಎದುರಾದರೆ ಜಾತ್ರೆಯ ಮೈಕಿನಂತೆ ಊಳಿಡುತ್ತದೆ. ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿ, ಮಂದ್ರವನ್ನು ತಗ್ಗಿಸಿ, ನಾದರಂಧ್ರಕ್ಕೆ ರಬ್ಬರಿನ ಮುಚ್ಚಳ ಹಾಕಿದರೆ ಬಹಳಷ್ಟು ಅಡಗುತ್ತದೆ.

ಅಟ್ಟದ ಮೇಲಿನ ಹಳೆಯ ರೇಡಿಯೋ ಇಳಿಸಿ, ಅದನ್ನೇ ಆಂಪ್ಲಿಫೈಯರು ಮಾಡುತ್ತೇನೆಂದು ಹುಡುಗರು ಹೊರಡುವುದುಂಟು. ತಾಯಂದಿರೇ, ದಯವಿಟ್ಟು ತಡೆಯಿರಿ. ಕೆಲವು ಹಳೆಯ ರೇಡಿಯೋಗಳಲ್ಲಿ ಒಳಗಿನ ಕಬ್ಬಿಣದ ತಟ್ಟೆಗೇ ಮನೆಯ ವಿದ್ಯುತ್ತಿನ ನೇರ ಸಂಪರ್ಕವಿರುತ್ತದೆ. ಗಿಟಾರಿನ ತಂತಿ ಹಿಡಿದ ಕೈ ಆ ವಿದ್ಯುತ್ತನ್ನೇ ಹಿಡಿದಂತೆ. ಹೊಸ ಪೆಟ್ಟಿಗೆಯನ್ನೂ ಬಿಚ್ಚಬಾರದು. ಒಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತಿರುತ್ತದೆ, ಸ್ವಿಚ್ಚು ತೆಗೆದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ನೆಲತಂತಿಯಿರುವ ಮೂರು ಕಡ್ಡಿಯ ಪ್ಲಗ್ಗೇ ಬೇಕು. ಪರದೇಶದಿಂದ ನೆಂಟರು ತಂದುಕೊಟ್ಟದ್ದಾದರೆ ಬೆನ್ನ ಮೇಲಿನ ಅಂಕಿ ಓದಿ: ಅಮೆರಿಕದ್ದು 120 ವೋಲ್ಟು, ನಮ್ಮದು 230. ವೋಲ್ಟೇಜು ಏರಿಳಿಯುವ ಊರಾದರೆ ಸ್ಟೆಬಿಲೈಸರು ಇರಲಿ. ಸ್ಪೀಕರಿನ ತಂತಿ ಕಳಚಿ ವಾಲ್ವ್ ಪೆಟ್ಟಿಗೆಯನ್ನು ನಡೆಸಿದರೆ ಒಳಗಿನ ಟ್ರಾನ್ಸ್‌ಫಾರ್ಮರು ಸುಟ್ಟೀತು.

ಅಂಗಡಿಗೆ ಹೋಗುವಾಗ ಮನೆಯ ಎರಡು ಗಿಟಾರುಗಳನ್ನೂ ಒಯ್ಯಿರಿ. ಅಂಗಡಿಯ ಬೆಲೆಯುಳ್ಳ ಗಿಟಾರಿನಲ್ಲಿ ಎಲ್ಲ ಪೆಟ್ಟಿಗೆಯೂ ಇಂಪಾಗಿಯೇ ಹಾಡುತ್ತದೆ. ಮೊದಲು ಸಾದಾ ಗಿಟಾರನ್ನು ಸೇರಿಸಿ, ಬೇಕಾದಷ್ಟು ಸದ್ದಿಗೆ ಏರಿಸಿ, ಆರೂ ತಂತಿಗಳನ್ನು ಬಲವಾಗಿ ಒಮ್ಮೆ ಬಾರಿಸಲು ಮಗನಿಗೆ ಹೇಳಿ. ಧ್ವನಿ ಒಡೆದರೆ ಅದನ್ನು ಬಿಟ್ಟು, ಅದಕ್ಕಿಂತ ಒಂದು ಅಳತೆ ದೊಡ್ಡದನ್ನು ತೋರಿಸೆಂದು ಕೇಳಿ.