ಕಿಟಕಿಯಾಚೆಯ ಬಿಲ್ಲೆಗಳು

ಈ ಬಾಹ್ಯಾಕಾಶ ಪ್ರವಾಸ ವಸ್ತುಪ್ರದರ್ಶನದ ಉದ್ಘಾಟನೆಗೆ ಆಹ್ವಾನಿತರಾದ ಭಾಷಣಕಾರರು ರಾಕೆಟ್ ತಂತ್ರಜ್ಞರಲ್ಲ, ಬದುಕಿನ ಬಹುಪಾಲನ್ನು ಕ್ಯಾಮೆರಾ ಮತ್ತು ಮಸೂರಗಳ ನಡುವೆ ಕಳೆದವರು. ಆದುದರಿಂದ ಒಳಗಿನ ಮಾದರಿಗಳನ್ನು ವಿವರಿಸುವ ಹೊಣೆಯನ್ನು ಅಲ್ಲಿನ ಸ್ವಯಂಸೇವಕರಿಗೇ ಬಿಟ್ಟು, ನೌಕೆಯ ಕಿಟಕಿಯಿಂದ ನೋಡುವವರಿಗೆ ಏನು ಕಂಡೀತು, ಅದನ್ನು ಅವರು ಏನೆಂದು ತಿಳಿದಾರು ಎಂಬ ಒಂದೇ ಪ್ರಶ್ನೆಯನ್ನು ಈ ಭಾಷಣ ಎತ್ತಿಕೊಳ್ಳುತ್ತದೆ.

2001ರ ಏಪ್ರಿಲ್ 28ರಂದು ಅಮೆರಿಕದ ಉದ್ಯಮಿ ಡೆನಿಸ್ ಟಿಟೊ ಸ್ವಂತ ಹಣ ತೆತ್ತು ಸೊಯುಜ್ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಹಿಂದೆ ತಿಂಗಳುಗಟ್ಟಲೆ ತರಬೇತಿಯಿತ್ತು. 2024ರ ಮೇ 19ರಂದು ಗೋಪಿ ತೋಟಕೂರ ಅವರನ್ನು ಭಾರತದ ಮೊದಲ ಬಾಹ್ಯಾಕಾಶ ಪ್ರವಾಸಿಯನ್ನಾಗಿಸಿದ ನ್ಯೂ ಶೆಪರ್ಡ್ ನೌಕೆಯಾದರೋ, ಬಾಹ್ಯಾಕಾಶದ ಗಡಿಯೆಂದು ರೂಢಿಯಲ್ಲಿ ಒಪ್ಪಲಾಗಿರುವ, 100 ಕಿಲೋಮೀಟರ್ ಎತ್ತರದ ಕಾರ್ಮನ್ ರೇಖೆಯನ್ನು ದಾಟಿ ಸುಮಾರು ಹತ್ತು ನಿಮಿಷಗಳಲ್ಲಿ ನೆಲಕ್ಕೆ ಮರಳಿತು. ಅದರ ಪ್ರಯಾಣಿಕರಿಗೆ ಕೆಲವೇ ದಿನಗಳ ತರಬೇತಿ ಸಾಕಾಗಿತ್ತು. ನೋಡಿದವರಿಗೆ ಗುರುತು ಹತ್ತದ, ಆಗಸದಲ್ಲಿ ಕಂಡ ವಸ್ತುವನ್ನೇ ಯುಎಫ್‌ಒ ಎನ್ನುವುದಾದ್ದರಿಂದ, ಪಳಗದ ಕಣ್ಣುಗಳು ಹೆಚ್ಚಿದಷ್ಟೂ ಅಂತಹ ವರದಿಗಳು ಹೆಚ್ಚುವುದು ಬಹುತೇಕ ಖಚಿತ. ಅನ್ಯಗ್ರಹದವರು ಬರಲಿ ಬಿಡಲಿ, ವರದಿಗಳು ಬಂದೇ ಬರುತ್ತವೆ.

ಪಳಗಿದ ಕಣ್ಣೂ ಬೆರಗುಗೊಂಡದ್ದುಂಟು. 1962ರ ಫೆಬ್ರವರಿ 20ರಂದು ಭೂಮಿಯನ್ನು ಸುತ್ತುತ್ತಿದ್ದ ಜಾನ್ ಗ್ಲೆನ್ ಅವರಿಗೆ ಸೂರ್ಯೋದಯದ ಹೊತ್ತಿನಲ್ಲಿ ನೌಕೆಯ ಸುತ್ತ ಮಿಂಚುಹುಳುಗಳಂತಹ ಹೊಳೆಯುವ ಕಣಗಳು ಕಂಡವು. ಆ ಒಗಟು ಬಿಡಿಸಿದವರು ಅದೇ ವರ್ಷದ ಮೇ ತಿಂಗಳಲ್ಲಿ ಹಾರಿದ ಸ್ಕಾಟ್ ಕಾರ್ಪೆಂಟರ್. ಅವರ ಕೈ ನೌಕೆಯ ಒಳಗೋಡೆಗೆ ತಾಗಿದೊಡನೆ ಹೊರಗೆ ಕಣಗಳ ಮಳೆಯೇ ಎದ್ದಿತು. ನೌಕೆಯಿಂದಲೇ ಹೊರಬಿದ್ದ ನೀರಾವಿ ಹೆಪ್ಪುಗಟ್ಟಿ ಅದರ ಮೈಗೆ ಅಂಟಿಕೊಂಡಿತ್ತು.

ಮಸೂರದ ಮೋಸ ಇದಕ್ಕಿಂತ ಸೂಕ್ಷ್ಮವಾದುದು. 1996ರ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕೆಯಿಂದ ಬಿಚ್ಚುತ್ತಿದ್ದ, ಸುಮಾರು 20 ಕಿಲೋಮೀಟರ್ ಉದ್ದದ ತಂತಿ ಕಡಿದು ತೇಲಿಹೋದ ನಂತರ ಚಿತ್ರೀಕರಿಸಿದ ದೃಶ್ಯದಲ್ಲಿ, ಆ ತಂತಿಯ ಸುತ್ತ ದೊಡ್ಡ ದೊಡ್ಡ ಬಿಲ್ಲೆಗಳು ಈಜಾಡುವಂತೆ ಕಾಣುತ್ತವೆ. ಕ್ಯಾಮೆರಾದ ಫೋಕಸ್ ಬಹುದೂರಕ್ಕೆ ನಿಂತಿರುವಾಗ ಮಸೂರದ ಹತ್ತಿರ ಸುಳಿಯುವ, ಬಿಸಿಲು ಬಿದ್ದ ಹಿಮದ ಚೂರು ಬಿಂದುವಾಗಿ ಮೂಡದೆ, ಮಸೂರದ ಬೆಳಕಿಂಡಿಯ ಆಕಾರವನ್ನೇ ತಳೆದು ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಸಣ್ಣ ಡಿಜಿಟಲ್ ಕ್ಯಾಮೆರಾಗಳು ಬಂದ ಹೊಸದರಲ್ಲಿ ಮದುವೆಮನೆಯ ಚಿತ್ರಗಳಲ್ಲೂ ಇಂತಹವೇ ಬಿಳಿ ಬಿಲ್ಲೆಗಳು ಮೂಡುತ್ತಿದ್ದುದು ಈ ಭಾಷಣಕಾರರಿಗೆ ಇಂದಿಗೂ ನೆನಪಿದೆ. ತೀರಿಕೊಂಡ ಅಜ್ಜನೇ ಧಾರೆಗೆ ಬಂದಿದ್ದಾನೆಂದು ಮನೆಯ ಹಿರಿಯರು ಕಣ್ಣೊರೆಸಿಕೊಳ್ಳುತ್ತಿರುವಾಗ, ಅದು ಮಂಟಪದ ಧೂಳಿಗೆ ಫ್ಲಾಶ್ ಬೆಳಕು ತಗುಲಿ ಆದದ್ದೆಂದು ಹೇಳಲು ಯಾವ ಛಾಯಾಗ್ರಾಹಕನಿಗೆ ತಾನೆ ನಾಲಗೆ ಬಂದೀತು?

ನೆಲದ ಮೇಲೆ ನಿಂತವರಿಗೂ ಪ್ರವಾಸದ ರಾಕೆಟ್‌ಗಳು ಹೊಸ ಬೆರಗನ್ನು ಒದಗಿಸಲಿವೆ. ಮುಸ್ಸಂಜೆಯ ನಂತರ ನೆಲ ಕತ್ತಲಾಗಿದ್ದರೂ ಮೇಲೇರಿದ ರಾಕೆಟ್ಟಿನ ಹೊಗೆಗೆ ಬಿಸಿಲು ತಾಗುತ್ತಿರುವುದರಿಂದ ಅದು ಬಾನಗಲ ಹರಡಿ ಹೊಳೆಯುತ್ತದೆ. 2017ರ ಡಿಸೆಂಬರ್ 22ರಂದು ಫಾಲ್ಕನ್ 9 ರಾಕೆಟ್ ಹಾರಿದಾಗ ಕ್ಯಾಲಿಫೋರ್ನಿಯಾದ ಜನ ಗಾಬರಿಯಾದದ್ದು ಇಂತಹ ನೋಟದಿಂದಲೇ.

ಎಲ್ಲವನ್ನೂ ಹೀಗೆ ಧೂಳು, ಹಿಮ, ಹೊಗೆ ಎಂದು ತಳ್ಳಿಹಾಕುವುದು ಸೋಮಾರಿತನವಾದೀತು. 1965ರಲ್ಲಿ ಜೆಮಿನಿ 4 ನೌಕೆಯಿಂದ ಗಗನಯಾತ್ರಿ ಜೇಮ್ಸ್ ಮ್ಯಾಕ್‌ಡಿವಿಟ್ ಕಂಡ, ತೋಳು ಚಾಚಿದ ಕೊಳವೆಯಂತಹ ವಸ್ತು ಯಾವುದೆಂಬುದು ಖಚಿತವಾಗಿ ಇತ್ಯರ್ಥವಾಗಿಲ್ಲ. ಬಿಡುಗಡೆಯಾದ ಚಿತ್ರದಲ್ಲಿದ್ದುದು ತಾವು ಕಂಡ ವಸ್ತುವಲ್ಲ, ಕಿಟಕಿಯ ಗಾಜಿನ ಪ್ರತಿಫಲನ ಎಂದು ಅವರೇ ಮುಂದೆ ಹೇಳಿದರು. ನೋಟ ಉಳಿಯಿತು, ಸಾಕ್ಷ್ಯ ಉಳಿಯಲಿಲ್ಲ. ಇಂತಹ ಗುರುತು ಹತ್ತದ ನೋಟಗಳ ಕುರಿತು ನಾಸಾ ನೇಮಿಸಿದ ಸ್ವತಂತ್ರ ಅಧ್ಯಯನ ತಂಡವೂ 2023ರ ಸೆಪ್ಟೆಂಬರ್ ವರದಿಯಲ್ಲಿ, ಅಳತೆ ಸರಿಹೊಂದಿಸಿದ ಉಪಕರಣಗಳ ಕೊರತೆಯನ್ನೂ, ಚಿತ್ರ ತೆಗೆದ ಸಂದರ್ಭದ ವಿವರಗಳಾದ ಪೂರಕ ಮಾಹಿತಿಯ ಕೊರತೆಯನ್ನೂ ಮುಖ್ಯ ತೊಡಕಾಗಿ ಗುರುತಿಸಿತು. ಆದ್ದರಿಂದ ಪ್ರವಾಸ ಸಂಸ್ಥೆಗಳು ಪ್ರಯಾಣಿಕರಿಗೆ ತೂಕರಹಿತ ಸ್ಥಿತಿಯಲ್ಲಿ ಪಲ್ಟಿ ಹೊಡೆಯುವುದನ್ನು ಕಲಿಸುವ ಜೊತೆಗೆ, ಕಂಡದ್ದರ ಸಮಯ, ದಿಕ್ಕು, ಯಾವ ಕಿಟಕಿ, ಯಾವ ಮಸೂರ, ಫೋಕಸ್ ಎಲ್ಲಿತ್ತು ಎಂಬುದನ್ನು ಬರೆದಿಡುವುದನ್ನೂ ಕಲಿಸಬೇಕು. ನೌಕೆಯ ಗಡಿಯಾರಕ್ಕೆ ಕ್ಯಾಮೆರಾದ ಗಡಿಯಾರವನ್ನು ಮೊದಲೇ ಹೊಂದಿಸಿರಬೇಕು. ಒಂದೇ ಕಿಟಕಿಯ ಚಿತ್ರವನ್ನು ನೆಚ್ಚದೆ, ಬದಿಯ ಕಿಟಕಿಯಿಂದಲೂ ಅದೇ ಕ್ಷಣದಲ್ಲಿ ಇನ್ನೊಂದು ಚಿತ್ರ ತೆಗೆದರೆ, ವಸ್ತು ಗಾಜಿನ ಮೇಲಿದೆಯೋ ಗಾವುದ ದೂರದಲ್ಲಿದೆಯೋ ಎಂಬುದು ಅಲ್ಲೇ ತಿಳಿದುಬರುತ್ತದೆ.

ಪ್ರದರ್ಶನವನ್ನು ಉದ್ಘಾಟಿಸಲಾಗಿದೆ. ಒಳಗಿರುವ ನೌಕೆಯ ಕಿಟಕಿಯ ಮಾದರಿಯೆದುರು ಚಿತ್ರ ತೆಗೆಯಬಯಸುವವರು ಮೊದಲು ಫ್ಲಾಶ್ ಆರಿಸಿಕೊಂಡು, ಮಸೂರವನ್ನು ಗಾಜಿಗೆ ತೀರ ಹತ್ತಿರ ಹಿಡಿಯುವುದು ಒಳಿತು.