ಉದ್ಯಾನದ ವಾದ, ವಾರ್ಡಿನ ಸಭೆ

ಬೆಂಗಳೂರಿನ ಯಾವ ಉದ್ಯಾನಕ್ಕೆ ಬೆಳಿಗ್ಗೆ ಹೋದರೂ ವಾದ ಕಿವಿಗೆ ಬೀಳುತ್ತದೆ: ಕಸ, ರಸ್ತೆಗುಂಡಿ, ಸುರಂಗ ರಸ್ತೆ, ಆಸ್ತಿ ತೆರಿಗೆ. ಇದನ್ನು ಕಾಡುಹರಟೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ; ಜನರ ಮಾತಿಗೆ ಬಲವಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಬೇಡವೆಂದು 2016ರ ಅಕ್ಟೋಬರಿನಲ್ಲಿ ಜನ ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ನನ್ನ ಕೊರಗು ಬೇರೆ. 2020ರ ಸೆಪ್ಟೆಂಬರಿನಲ್ಲಿ ಆಗ ಇಡೀ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾದಾಗಲೂ ಚುನಾಯಿತ ಸದಸ್ಯರೊಬ್ಬರೂ ಇರಲಿಲ್ಲ. ಆ ಐದು ವರ್ಷ ನಗರದ ತೀರ್ಮಾನಗಳು ರಾಜ್ಯ ಸರ್ಕಾರದ, ಅಧಿಕಾರಿಗಳ ಕೈಯಲ್ಲೇ ಉಳಿದವು. ಮನೆ ಮುಂದಿನ ಚರಂಡಿ ಕಟ್ಟಿಕೊಂಡರೂ ಜನ ಶಾಸಕರ ಬಾಗಿಲು ಕಾಯಬೇಕಾಯಿತು. ನಗರಾಡಳಿತದ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದಲೂ ಹೇಳುತ್ತಿದೆ. ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳನ್ನು ಕೊಟ್ಟದ್ದೂ ಅದೇ.

ಉದ್ಯಾನದ ವಾದ ಅಲ್ಲಿಗೇ ಮುಗಿಯದಿರಲಿ. ನಿಮ್ಮ ವಾರ್ಡ್ ಸಮಿತಿಯ ಸಭೆ ಯಾವಾಗ ಎಂದು ಕೇಳಿ. ದೂರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಪಾಲಿಕೆಗೆ ಮತ ಹಾಕುವ ದಿನ ದಯವಿಟ್ಟು ಮನೆಯಲ್ಲಿ ಕೂರಬೇಡಿ.